ನಂಜೇಗೌಡರ ಬಾಕಿ ಮಾತು

ಜನ ಹಳೇ ಸಿನಿಮಾದಲ್ಲಿ ಸಾಯುವಂತೆಯೇ ಸಾಯತೊಡಗಿ ಬಹಳ ವರ್ಷವಾಗಿತ್ತು. ಮೊದಲು ಕೆಮ್ಮು, ಆಮೇಲೆ ಕರ್ಚೀಫಿನ ಮೇಲೆ ಒಂದು ಹನಿ ರಕ್ತ, ಕೊನೆಗೆ ಮನಸ್ಸಿನ ಮಾತು. ಆ ಮಾತು ಮುಗಿಯುವಷ್ಟರಲ್ಲಿ ಕತ್ತು ಪಕ್ಕಕ್ಕೆ ವಾಲುತ್ತಿತ್ತು. ಮನಸ್ಸಿನ ಮಾತು ಬಾಯಿಗೆ ಬಾರದೆ ಯಾರೂ ಸಾಯುತ್ತಿರಲಿಲ್ಲ.

ಸಾಕಮ್ಮನ ಗಂಡ ನಂಜೇಗೌಡರು ಮೊದಲಿನಿಂದಲೂ ಮಾತಿನಲ್ಲಿ ಜಿಪುಣರು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದವರೆಲ್ಲ ಮಕ್ಕಳ ಕೈಹಿಡಿದು, ತುಟಿ ನಡುಗಿಸಿ, ಒಬ್ಬೊಬ್ಬರಾಗಿ ಹೊರಟುಹೋದರು. ಇವರು ಮಾತ್ರ "ಫ್ಯಾನ್ ಕಮ್ಮಿ ಮಾಡು", "ಸಾರಿಗೆ ಉಪ್ಪಿಲ್ಲ" ಎನ್ನುತ್ತಾ ಎರಡು ವರ್ಷದಿಂದ ಉಳಿದುಬಿಟ್ಟಿದ್ದರು.

"ಯಜಮಾನ್ರು ಏನಾದ್ರೂ ಹೇಳಿದ್ರಾ ಅಮ್ಮ?" ಎಂದು ನರ್ಸ್ ದಿನಾ ಕೇಳುತ್ತಿದ್ದಳು.

"ನಾನೂ ಮದ್ವೆ ಆದಾಗಿಂದ ಅದ್ನೇ ಕಾಯ್ತಿದೀನಿ ಕಣವ್ವ," ಎನ್ನುತ್ತಿದ್ದಳು ಸಾಕಮ್ಮ.

ಇವತ್ತು ಬೆಳಿಗ್ಗೆ ಅವಳು ರಾಗಿ ಗಂಜಿ ಆರಿಸುತ್ತಿದ್ದಾಗ ಗೌಡರು ಅವಳ ಕೈ ಹಿಡಿದುಕೊಂಡರು. ಇಷ್ಟು ದಿನ ಬರೀ "ಇವ್ಳೇ" ಎನ್ನುತ್ತಿದ್ದವರು ಹೆಸರು ಹಿಡಿದೇ ಕರೆದರು.

"ಸಾಕಮ್ಮ, ಇಷ್ಟು ವರ್ಷದಿಂದ ನಿಂಗೆ ಒಂದು ಮಾತು ಹೇಳ್ಬೇಕು ಅಂತ..."

ಸಾಕಮ್ಮ ತುಂಬಿದ ಚಮಚವನ್ನು ಅವರ ಬಾಯಿಗೆ ತುರುಕಿದಳು.

"ನಂಗೊತ್ತು ಬಿಡಿ. ಸುಮ್ನೆ ನುಂಗಿ."