ಅತ್ತೆಯ ತಲೆಗೆ ಹೆಲ್ಮೆಟ್

"ಅತ್ತೆ, ಸ್ವಲ್ಪ ಆ ಕಡೆ ತಿರುಗಿ," ಎಂದ ಅಳಿಯ, ವೆಲ್ಡಿಂಗ್ ರಾಡು ಕೈಯಲ್ಲಿ ಹಿಡಿದುಕೊಂಡೇ. ಅತ್ತೆ ತಿರುಗಲಿಲ್ಲ. ಕೊಟ್ಟಿಗೆಯ ಕಬ್ಬಿಣದ ಗೇಟು ಮೇಲಿನ ಕೀಲು ಕಿತ್ತುಕೊಂಡು ಒಂದು ಪಕ್ಕಕ್ಕೆ ವಾಲಿತ್ತು. ಅದರ ಎದುರು ಸೊಂಟದ ಮೇಲೆ ಕೈಯಿಟ್ಟು, ಇದ್ದ ಕಂಬದ ಜೊತೆಗೆ ಆಕೆ ಇನ್ನೊಂದು ಕಂಬವಾಗಿ ನಿಂತಿದ್ದಳು. ಬಾವಿ ತೋಡಿಸಲಿ, ಮಾಡಿಗೆ ಹೆಂಚು ಹೊದಿಸಲಿ, ಕೆಲಸ ಮಾಡುವವರ ನೆತ್ತಿಯ ಮೇಲೇ ನಿಂತು ರೆಪ್ಪೆ ಬಡಿಯದೆ ನೋಡುವುದು ಆಕೆಯ ಪದ್ಧತಿ. ಕಣ್ಣು ತಪ್ಪಿದಲ್ಲಿ ಕೆಲಸವೂ ತಪ್ಪುತ್ತದೆ ಎಂದು ಆಕೆಗೆ ಗಟ್ಟಿ ನಂಬಿಕೆ.

"ಹೋದ ಸಲ ನಾನು ನೋಡ್ತಾ ನಿಂತಿದ್ದಾಗಲೇ ಹೀಗೆ ಬೆಸೆದ್ರಿ, ಅಳಿಯಂದಿರೇ. ಇನ್ನು ತಿರುಗಿ ನಿಂತ್ರೆ ಅಂಟು ಹಚ್ಚಿ ಹೋಗ್ತೀರಿ!"

ಗೇಟು ಕಿತ್ತದ್ದು ಮನೆಯ ತುಡುಗು ಹಸು. ಬೆಳಿಗ್ಗೆ ಕೊಂಬು ಕೊಟ್ಟು ಒಂದೇ ಸಲ ನೂಕಿ, ಪಕ್ಕದ ತೋಟದ ಕೋಸಿನ ಸಾಲಿಗೆ ಬಾಯಿ ಹಾಕಿತ್ತು. ತೋಟದವ ಅದನ್ನು ಹಗ್ಗ ಹಿಡಿದು ತಂದು ಮರಕ್ಕೆ ಕಟ್ಟಿ, ಬೈಯದೆ, ಬೈಗುಳಕ್ಕಿಂತ ಚುಚ್ಚುವ ಮಾತೊಂದನ್ನು ಆಡಿ ಹೋಗಿದ್ದ: "ಅಳಿಯ ವೆಲ್ಡರ್ರು, ಗೇಟಿಗೆ ಮಾತ್ರ ದಾರ ಕಟ್ಕೋಬೇಕು ನೋಡಿ!" ಅದು ಅತ್ತೆಯ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಈ ಸಲವೂ ಗೇಟು ನಿಲ್ಲದಿದ್ದರೆ ಪೇಟೆಯ ವೆಲ್ಡರನ್ನು ಕರೆಸುತ್ತೇನೆ ಎಂದು ಮಗಳಿಗೆ ಹೇಳಿಬಿಟ್ಟಿದ್ದಳು. ಅತ್ತೆ ಮನೆಗೇ ಬೇಡವಾದ ವೆಲ್ಡರನ್ನು ಊರಲ್ಲಿ ಇನ್ಯಾರು ಕರೆದಾರು? ಅದು ಅಳಿಯನಿಗೂ ಗೊತ್ತಿತ್ತು.

ಅವನು ವೆಲ್ಡಿಂಗ್ ಹೆಲ್ಮೆಟ್ಟಿನ ಕಪ್ಪುಗಾಜಿನ ಮುಖವನ್ನು ಹಣೆಯ ಮೇಲಕ್ಕೆ ಎತ್ತಿದ. "ಹೋದ ಸಲ, ಮದುವೆಗೆ ಮುಂಚೆ, ನೋಡಿದ್ರಲ್ಲ, ಏನಾಯ್ತು ಹೇಳಿ. ರಾತ್ರಿಯೆಲ್ಲ ಕಣ್ಣಿಗೆ ಮರಳು ಹಾಕ್ದಂಗೆ ಉರೀತೋ ಇಲ್ವೋ?"

"ಅದು ಮಗಳು ಮನೆ ಬಿಟ್ಟು ಹೊರಡ್ತಾಳಲ್ಲ ಅಂತ ಅತ್ತಿದ್ದು."

ಬಾಗಿಲಲ್ಲಿ ನಿಂತಿದ್ದ ಮಗಳು ಕಿಸಕ್ಕನೆ ನಕ್ಕಳು. "ನಾನು ಹೊರಟಿದ್ದು ಅದಾಗಿ ಎರಡು ವಾರಕ್ಕೆ ಕಣಮ್ಮ!"

ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಬಗ್ಗಿ, ಬಿದ್ದಿದ್ದ ಕೀಲನ್ನು ಎತ್ತಿಕೊಂಡಳು. ಅಂಗೈ ಉದ್ದದ ಪಟ್ಟಿ. ಅಂಚಿನಲ್ಲಿ ಕಾಳಿನಷ್ಟು ಸಣ್ಣ ಚುಕ್ಕಿಗಳು ನಾಲ್ಕು. ಉಳಿದ ಕಡೆ ಬೆಂಕಿಯೇ ಸೋಕಿರಲಿಲ್ಲ. "ಬೆಸೆದದ್ದು ಇಷ್ಟೇನಾ?"

ಅಳಿಯ ನೆಲ ನೋಡಿದ. "ಇಷ್ಟೇ. ನಂಗೆ ಹೆಲ್ಮೆಟ್ ಇತ್ತು, ನೀವು ಬರಿಗಣ್ಣಲ್ಲಿ ನಿಂತಿದ್ರಿ. ಈ ಬೆಳಕು ಅಂದ್ರೆ ಸೂರ್ಯನ್ನ ತಂದು ಮೂಗಿನ ತುದೀಲಿ ಇಟ್ಟಂಗೆ. ಕಣ್ಣೂ ಸುಡುತ್ತೆ, ಮುಖದ ಚರ್ಮಾನೂ ಸುಲಿಯುತ್ತೆ. ಹೆಣ್ಣು ಕೊಡೋ ಅತ್ತೆಗೆ ಕಣ್ಣು ಮುಚ್ಚಿ ಅನ್ನೋಕೆ ಬಾಯಿ ಬರ್ಲಿಲ್ಲ. ಅದಕ್ಕೆ ಬೇಗ ಮುಗಿಸ್ಬಿಟ್ಟೆ."

"ಸದ್ಯ, ಈಗಲಾದ್ರೂ ಬಾಯಿ ಬಂತಲ್ಲ," ಎಂದಳು ಅತ್ತೆ. ದನಿ ಮೆತ್ತಗಾಗಿತ್ತು. ಕಾಲು ಮಾತ್ರ ಕದಲಲಿಲ್ಲ.

ಅಳಿಯ ಕೀಲನ್ನು ತಂತಿ ಸುತ್ತಿ ಜಾಗಕ್ಕೆ ನಿಲ್ಲಿಸಿದ. ಆಮೇಲೆ ತನ್ನ ಹೆಲ್ಮೆಟ್ ತೆಗೆದು ಅತ್ತೆಯ ತಲೆಗೆ ಇಟ್ಟು, ಹಿಂದಿನ ತಿರುಪು ಬಿಗಿದು, ಹೆಗಲಿಗೆ ಗೋಣಿಚೀಲ ಹೊದಿಸಿದ. ತನಗೆಂದು ಪೆಟ್ಟಿಗೆಯ ತಳದಿಂದ, ಕೈಯಲ್ಲಿ ಹಿಡಿದುಕೊಳ್ಳುವ ಹಳೆಯ ಕಪ್ಪುಗಾಜಿನ ಗುರಾಣಿಯನ್ನು ಎಳೆದ. ಹೆಂಡತಿಯನ್ನು ಒಳಗೆ ಕಳಿಸಿ ಬಾಗಿಲು ಹಾಕಿಸಿದ.

"ಅಯ್ಯೋ, ಬರೀ ಕತ್ತಲೆ! ಮಡಕೇಲಿ ತಲೆ ಸಿಕ್ಕಿಸಿಕೊಂಡ ಬೆಕ್ಕಾದೆ ನಾನು," ಎಂದು ಹೆಲ್ಮೆಟ್ಟಿನ ಒಳಗಿಂದ ದನಿ ಬಂತು.

"ಬೆಳಕು ಹತ್ತಲಿ, ಆಮೇಲೆ ಹೇಳಿ."

ಚರ್ರೆಂದಿತು. ಕತ್ತಲೆಯ ನಡುವೆ ಹಸಿರು ಬೆಳಕಿನದೊಂದು ಬೊಟ್ಟು ಹುಟ್ಟಿತು. ಗೇಟಿಲ್ಲ, ಕಂಬವಿಲ್ಲ, ಅಳಿಯನೂ ಇಲ್ಲ. ಬೊಟ್ಟಿನ ಕೆಳಗೆ ಕಬ್ಬಿಣ ಕರಗಿ, ತುಂಬಿ ನಡುಗಿ, ಎರಡೂ ಅಂಚನ್ನು ನೆಕ್ಕಿ ಒಂದು ಮಾಡಿಕೊಂಡು ನಿಧಾನವಾಗಿ ಮುಂದೆ ಸರಿಯುತ್ತಿತ್ತು. ಕರು ಹಾಕುವ ಹಸುವಿನ ಪಕ್ಕ ಕೂತಾಗ ಬಿಟ್ಟರೆ ಆಕೆ ಹೀಗೆ ಉಸಿರು ಬಿಗಿಹಿಡಿದದ್ದೇ ಇಲ್ಲ. ಕಿಡಿಗಳು ಹಾರಿಬಂದು ಹೆಲ್ಮೆಟ್ಟಿಗೆ ಟಪಟಪ ಬಡಿದು ಉದುರಿದವು. ಒಳಗಿನ ಕೆನ್ನೆಗೆ ಬಿಸಿಯೂ ತಾಗಲಿಲ್ಲ.

"ನಿಲ್ಲಿ, ನಿಲ್ಲಿ! ಕೆಳಗಿನ ಮೂಲೇಲಿ ಕೂದಲೆಳೆಯಷ್ಟು ಬಿಟ್ಟು ಬಂದ್ರಿ."

ಅಳಿಯ ಬೆಳಕು ಆರಿಸಿ, ಸುತ್ತಿಗೆಯಿಂದ ಮೇಲಿನ ಕಪ್ಪು ಸಿಪ್ಪೆ ಉದುರಿಸಿ ನೋಡಿದ. ಬಿಟ್ಟಿತ್ತು. "ಹೌದಲ್ರೀ ಅತ್ತೆ!"

"ಮತ್ತೇನು, ನನ್ನ ಕಣ್ಣೇನು ಹೆಂಚಿನ ತೂತಾ? ಮುಚ್ಚಿ ಅದನ್ನ."

ಮುಚ್ಚಿದ. ಮೇಲಿಂದ ಕೆಳಗಿನವರೆಗೆ ಎಲ್ಲೂ ಕಡಿಯದ ಬೆಸುಗೆ, ಮೀನಿನ ಹುರುಪೆ ಜೋಡಿಸಿದಂತೆ ಮಿನುಗಿತು. ಅತ್ತೆ ಹೆಲ್ಮೆಟ್ ಕಳಚಿದಾಗ ಮುಖವೆಲ್ಲ ಬೆವರು, ಬೆವರಿನ ನಡುವೆ ಎಳೆ ಹುಡುಗಿಯ ನಗು.

"ಆರಲಿ ಅತ್ತೆ. ಆಮೇಲೆ ಹಸು ಬಿಟ್ಟು ನೋಡೋಣ, ತಡೆಯುತ್ತಾ ಅಂತ."

"ಹಸು ಯಾಕೆ? ನಾನೇನು ಕಡಿಮೆ ತೂಕವಾ?"

ಕಬ್ಬಿಣ ಕೈಗೆ ತಣ್ಣಗಾಗುವವರೆಗೆ ಆಕೆ ಕಾದಳು. ಆಮೇಲೆ ಯಾರು ಬೇಡವೆಂದರೂ ಕೇಳದೆ ಗೇಟಿನ ಕೆಳಗಿನ ಸರಳಿನ ಮೇಲೆ ಎರಡೂ ಪಾದ ಊರಿ ಹತ್ತಿ, ಮೇಲಿನ ಸರಳನ್ನು ತಬ್ಬಿ, ಕಣ್ಣು ಮುಚ್ಚಿ ನಿಂತಳು. ಹೊರಗೆ ಓಡಿಬಂದ ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಮ್ಮಾ, ಬೀಳ್ತೀಯ! ಕಣ್ಣಾದ್ರೂ ಬಿಟ್ಕೊಂಡು ನಿಂತ್ಕೊಳ್ಳೇ!"

"ಇನ್ಯಾಕೆ ಕಣ್ಣು? ಬೆಸೆದಾಯ್ತಲ್ಲ," ಎಂದಳು ಆಕೆ, ರೆಪ್ಪೆ ಇನ್ನೂ ಬಿಗಿಯಾಗಿ ಮುಚ್ಚಿ. "ತಳ್ಳಿ, ಅಳಿಯಂದಿರೇ. ಜೋರಾಗಿ ತಳ್ಳಿ."