ದಿಣ್ಣೆಯ ಕಿಟಕಿ

ಹೊಸ ಕರೆಂಟ್ ಬಸ್ಸು ಮೊದಲ ಟ್ರಿಪ್ಪಿನಲ್ಲಿ ದಿಣ್ಣೆಯ ಬುಡಕ್ಕೆ ಬಂದಾಗ ಡ್ರೈವರನ ಎಡಗೈ ತಾನಾಗಿಯೇ ಗೇರಿಗಾಗಿ ತಡಕಾಡಿತು. ಅಲ್ಲಿ ಗೇರ್ ಇರಲಿಲ್ಲ. ಇಪ್ಪತ್ತಾರು ವರ್ಷ ಡೀಸೆಲ್ ಬಸ್ಸು ಓಡಿಸಿದ ಕೈ, ಬರೀ ಗಾಳಿ ಹಿಡಿದು, ನಾಚಿಕೊಂಡು ಸ್ಟೇರಿಂಗಿಗೆ ಮರಳಿತು.

"ಏನ್ ಡ್ರೈವರೇ, ಕೈ ತುರಿಸ್ತಿದೆಯಾ?" ಹಿಂಬಾಗಿಲ ಹತ್ತಿರ ನಿಂತಿದ್ದ ಕಂಡಕ್ಟರ್ ಕೂಗಿ ಕೇಳಿದಳು. ಕಂಡಕ್ಟರ್ ಎಂದರೆ ಅವನ ಹೆಂಡತಿಯೇ. ಯೂನಿಫಾರ್ಮ್ ಹಾಕಿದ ಮೇಲೆ ಅವನು ಡ್ರೈವರು, ಅವಳು ಕಂಡಕ್ಟರಮ್ಮ. 'ರೀ', 'ಲೇ' ಎಲ್ಲ ಮನೆಯ ಹೊಸ್ತಿಲ ಒಳಗೆ ಮಾತ್ರ.

"ಕೂಗಬೇಡಿ ಕಂಡಕ್ಟರಮ್ಮ, ಈ ಬಸ್ಸಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ" ಎಂದ ಮುಂದಿನ ಸೀಟಿನಲ್ಲಿ ದಿನಾ ಕೂರುವ ದರ್ಜಿ. ಎಲ್ಲರೂ ನಕ್ಕರು. ನಿಜ, ಯಾರದೋ ಚೀಲದೊಳಗೆ ಬೀಗದ ಕೈ ಗೊಂಚಲು ಅಲುಗಿದ್ದು ಕೂಡ ಕೇಳುತ್ತಿತ್ತು. ಡ್ರೈವರ್ ಮಾತ್ರ ನಗಲಿಲ್ಲ. ಅವನ ಕಣ್ಣು ಬಲಗಡೆಯ ಮೂರನೇ ಮನೆಯ ಮೇಲಿತ್ತು.

ಅದು ಮಗಳ ಮನೆ. ಮೂರು ವರ್ಷದಿಂದ ಅಪ್ಪ ಮಗಳಿಗೆ ಮಾತಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಇವರ ಮನೆ ಕೆಡಿಸಿದ್ದು ಹೊಗೆ. ತನ್ನ ಕೂಸಿಗೆ ಉಬ್ಬಸ ಶುರುವಾದಾಗ ಮಗಳು ದಿಣ್ಣೆಯ ಮನೆಮನೆಗೂ ಹೋಗಿ ಸಹಿ ಹಾಕಿಸಿ, ಇಲ್ಲಿಗೆ ಹೊಗೆ ಬಸ್ಸು ಬೇಡ ಎಂದು ಡಿಪೋಗೆ ಅರ್ಜಿ ಕೊಟ್ಟಳು. ಅರ್ಜಿಯಲ್ಲಿದ್ದ ಬಸ್ಸುಗಳ ಪೈಕಿ ಮೊದಲ ನಂಬರು ಅಪ್ಪನದೇ. "ಅವಳನ್ನ ಓದಿಸಿದ್ದೇ ಆ ಹೊಗೆ. ಉಂಡ ಮನೆಗೇ ಎರಡು ಬಗೆದಳಲ್ಲ" ಎಂದವನು, ಅವತ್ತಿನಿಂದ ಅವಳ ಸುದ್ದಿಯನ್ನೇ ಎತ್ತಲಿಲ್ಲ. ಹೆಂಡತಿ ವಾರಕ್ಕೊಮ್ಮೆ ಹೋಗಿ ಮಗಳನ್ನೂ ಮೊಮ್ಮಗನನ್ನೂ ನೋಡಿ ಬರುತ್ತಿದ್ದಳು. ಹೇಗಿದ್ದಾರೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಇವನದು ಎದೆಯಲ್ಲ, ಬಂಡೆ ಎಂದುಕೊಂಡು ಅವಳೂ ಸುಮ್ಮನಾಗಿದ್ದಳು.

ಆದರೆ ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಳೆಯ ಬಸ್ಸು ಫಸ್ಟ್ ಗೇರಿನಲ್ಲಿ ನರಳುತ್ತ ದಿಣ್ಣೆ ಹತ್ತುವಾಗ, ಹೊಗೆ ಒಳಗೆ ಬಾರದಂತೆ ಮಗಳು ಓಡಿಬಂದು ಕಿಟಕಿ ಮುಚ್ಚುತ್ತಿದ್ದಳು. ಸೈಕಲ್ಲಿಗೂ ಜಾಗ ಬಿಡದಷ್ಟು ಕಿರಿದಾದ ರಸ್ತೆ. ಕಿಟಕಿ ಡ್ರೈವರನ ಸೀಟಿಗೆ ಕೈಯಳತೆಯಲ್ಲಿತ್ತು. ಒಂದು ಕೈ, ಅರ್ಧ ಮುಖ, ಆಮೇಲೆ ಮುಚ್ಚಿದ ಕಿಟಕಿ. ದಿನಕ್ಕೆ ನಾಲ್ಕು ಟ್ರಿಪ್ಪು, ನಾಲ್ಕು ಸಲ ಮಗಳು. ಆ ಗಳಿಗೆಗೆಂದೇ ಅವನು ಬಸ್ಸನ್ನು ಇನ್ನಷ್ಟು ನಿಧಾನ ಮಾಡುತ್ತಿದ್ದ. ಜನ ಪಾಪ ಇಂಜಿನ್ನಿಗೆ ಬೈಯುತ್ತಿದ್ದರು. ಅದರ ಗದ್ದಲದ ಮರೆಯಲ್ಲಿ ಅವನು ಬಾಯಿಬಿಟ್ಟೇ ಮಾತಾಡುತ್ತಿದ್ದ, ಸೊರಗಿದೀಯಲ್ಲೇ, ಊಟ ಆಯ್ತೇನೇ ಎಂದು.

ಇವತ್ತು ಸದ್ದಿಲ್ಲ, ಹೊಗೆಯಿಲ್ಲ. ಕಿಟಕಿ ತೆರೆದೇ ಇತ್ತು. ಪರದೆ ಅಲುಗುತ್ತಿತ್ತು. ಯಾರೂ ಬರಲಿಲ್ಲ. ಬಸ್ಸು ಆಮೆಯ ಹಾಗೆ ತೆವಳುತ್ತ ಕಿಟಕಿಯನ್ನು ಇನ್ನೇನು ದಾಟಬೇಕು,

"ಮುಚ್ಚೋಕಾದ್ರೂ ಬಾರೇ ಪುಟ್ಟಿ" ಎಂದ ಅವನು, ರೂಢಿಯಂತೆ, ಗಟ್ಟಿಯಾಗಿ.

ಇಡೀ ಬಸ್ಸಿಗೆ ಕೇಳಿತು. ದರ್ಜಿ ತಲೆ ತಗ್ಗಿಸಿದ. ಟಿಕೆಟ್ ಕೊಡುತ್ತಿದ್ದ ಕಂಡಕ್ಟರಮ್ಮನ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಸೀಟಿ ಬಾಯಿಗೆ ಹೋಯಿತು. ಒಂದೇ ಸೀಟಿ, ಎಂದರೆ ನಿಲ್ಲಿಸು ಎಂದು ಅರ್ಥ. ಬಸ್ಸು ನಿಂತಿತು.

"ಇಲ್ಲಿ ಸ್ಟಾಪಿಲ್ಲ" ಎಂದ ಅವನು, ತಿರುಗಿ ನೋಡದೆ.

ಅವಳು ಸೀಟುಗಳ ನಡುವೆ ನಡೆದು ಅವನ ಬೆನ್ನ ಹಿಂದೆ ಬಂದು ನಿಂತಳು. "ರೀ" ಎಂದಳು. ಬಸ್ಸಿನೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. "ಎಷ್ಟು ದಿನದಿಂದ ಹೀಗೆ ಮಾತಾಡ್ತಿದೀರಿ?"

ಅವನು ಹೊಚ್ಚ ಹೊಸ ಸ್ಟೇರಿಂಗನ್ನು ಅಂಗೈಯಿಂದ ಒರೆಸಿದ. "ಹಳೇ ಬಸ್ಸಲ್ಲಿ ಯಾರಿಗೂ ಕೇಳ್ತಿರಲಿಲ್ಲ."

"ಅವಳಿಗೂ ಕೇಳ್ತಿರಲಿಲ್ಲವಲ್ಲ."

ಅವನು ಕಿಟಕಿಯತ್ತ ಗದ್ದ ತೋರಿಸಿದ. "ನೀನೇ ಹೋಗಿ ಹೇಳಿ ಬಾ, ಬಸ್ಸು ಬಂದಿದೆ ಅಂತ."

"ಆಗಲ್ಲ. ನಾನು ಡ್ಯೂಟೀಲಿದೀನಿ."

"ಮತ್ತೆ ನಾನೇನು ಮಾವನ ಮನೇಲಿದೀನಾ?"

"ಇಳೀರಿ ಸ್ವಾಮಿ, ಎರಡು ನಿಮಿಷಕ್ಕೆ ಊರೇನೂ ಮುಳುಗಲ್ಲ" ಎಂದ ದರ್ಜಿ.

ಅವನು ಹ್ಯಾಂಡ್‌ಬ್ರೇಕ್ ಹಾಕಿ ತನ್ನ ಕಡೆಯ ಬಾಗಿಲನ್ನು ಅರ್ಧ ತೆರೆದು ಸಂದಿಯಲ್ಲಿ ನುಸುಳಿ ಇಳಿದ. ಕಿಟಕಿಯ ಕೆಳಗೆ ನಿಂತ. ಮೂರು ವರ್ಷ ಗದ್ದಲದೊಳಗೆ ಸಲೀಸಾಗಿ ಕರೆದ ಹೆಸರು ಈಗ ಬಾಯಿಗೆ ಬರಲಿಲ್ಲ. ಎರಡು ಸಲ ಕೆಮ್ಮಿದ. ಆ ಕೆಮ್ಮಿಗೇ ಮಗಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಅಪ್ಪನನ್ನು ನೋಡಿದಳು, ಅವನ ಹಿಂದೆ ಸದ್ದಿಲ್ಲದೆ ನಿಂತ ಬಸ್ಸನ್ನು ನೋಡಿದಳು. ಬಸ್ಸು ಕಂಡದ್ದೇ ತಡ, ಕೈ ತಾನಾಗಿಯೇ ಕಿಟಕಿಯ ಬಾಗಿಲಿಗೆ ಹೋಯಿತು.

"ಮುಚ್ಚಬೇಡ" ಎಂದ ಅವನು. "ಇದರಲ್ಲಿ ಹೊಗೆ ಇಲ್ಲ. ಸದ್ದೂ ಇಲ್ಲ. ಬಂದಿದ್ದು ನಿನಗೆ ಗೊತ್ತಾಗಲ್ಲ ಅಂತ..."

ಮಗಳ ಕಣ್ಣು ತುಂಬಿಕೊಂಡಿತು.

"ಹಳೇದು ದಿಣ್ಣೆ ಬುಡದಲ್ಲಿದ್ದಾಗಲೇ ಕೇಳ್ತಿತ್ತಪ್ಪ" ಎಂದಳು. "ಹೊಗೆಗೇ ಆಗಿದ್ರೆ ಆಗಲೇ ಮುಚ್ಚಬಹುದಿತ್ತು. ಮಗೂನ ಒಳಗಿನ ಕೋಣೇಲಿ ಬಿಟ್ಟು ಬಂದು, ನಿನ್ನ ಮುಖ ಕಾಣೋ ತನಕ ಕಾದು, ಆಮೇಲೆ ಮುಚ್ತಿದ್ದೆ."