ಸರದಾರನ ಟೋಪಿ

ಸ್ಕಾಟ್ಲೆಂಡಿನ ಆ ಮುದಿ ಸರದಾರ ತನ್ನ ರಾಣಿಯ ಎದುರಿಗೆ ಬಿಟ್ಟರೆ ಬೇರೆ ಯಾರ ಮುಂದೆಯೂ ಟೋಪಿ ತೆಗೆಯುವವನಲ್ಲ ಎಂಬುದು ಇಡೀ ದೇಶಕ್ಕೇ ಗೊತ್ತಿತ್ತು. ಹಾಗಾಗಿ ರಾಣಿಯನ್ನು ಹುಡುಕಿಕೊಂಡು ಕೋಟೆಗೆ ನುಗ್ಗಿದ ಬಂಡಾಯದ ದಳಪತಿಗೆ, ಕೊರೆಯುವ ಚಳಿಯಲ್ಲೂ ಅವನು ಬರಿತಲೆಯಲ್ಲಿ ನಿಂತಿದ್ದನ್ನು ಕಂಡು ನಗು ಬಂತು.

"ರಾಣಿ ಎಲ್ಲಿ?"

"ನನ್ನ ಕೋಟೆಯಲ್ಲಿಲ್ಲ."

"ಸುಳ್ಳು ಹೇಳಿದರೆ ತಲೆ ಹೋಗುತ್ತೆ, ಸರದಾರರೇ."

"ಹೋಗಲಿ ಬಿಡಯ್ಯ. ನಿನ್ನಂಥವನ ಮುಂದೆ ಬಾಗೋದಕ್ಕಿಂತ ಅದೇ ವಾಸಿ."

"ಬಾಯಿ ಇಲ್ಲ ಅನ್ನುತ್ತೆ, ಬರಿತಲೆ ಇದ್ದಾಳೆ ಅನ್ನುತ್ತೆ," ಎಂದು ದಳಪತಿ ಬಂದರಿನ ಕಾವಲಿಗಿದ್ದವರನ್ನೂ ಕೋಟೆಗೆ ಕರೆಸಿಕೊಂಡ. ಗೋಡೆ ಒಡೆಸಿದ, ನೆಲ ಅಗೆಸಿದ. ಸಂಜೆಯಾದರೂ ರಾಣಿ ಸಿಗಲಿಲ್ಲ.

ರೇಗಿ ಬಂದು ನೋಡಿದರೆ, ಮುದುಕ ಇನ್ನೂ ಬರಿತಲೆಯಲ್ಲೇ ಕಿಟಕಿಯ ಬಳಿ ನಿಂತಿದ್ದ. ಆಚೆ, ಕಾವಲಿಲ್ಲದ ಬಂದರಿನಿಂದ ಹೊರಟ ಹಡಗೊಂದು ಆಗಲೇ ನಡುಗಡಲು ಸೇರಿತ್ತು. ಅದರ ಹಾಯಿ ಕಣ್ಮರೆಯಾಗುವವರೆಗೂ ಕಾದು, ಮುದುಕ ಟೋಪಿಯನ್ನು ತಲೆಗೇರಿಸಿದ.

"ಈಗ ನಿನ್ನ ಕೊಡಲಿ ತರಿಸು."